ಚಿಂತೆ ಬಂತು ಅಂದರೆ ನಂಬಿಕೆ ಹೋಯಿತು ಅಂತಲಾ?

ಪ್ರಶ್ನೆ: ಅಯ್ಯನವರೇ, ನಾವು ಲಿಂಗರಾಜಪುರದಲ್ಲಿದ್ದೇವೆ. ನಮ್ಮ ಮನೆಯವರು ಹದಿನಾಲ್ಕು ವರ್ಷ ಒಂದೇ ಕಂಪನಿಯಲ್ಲಿದ್ದರು. ಕಳೆದ ವರ್ಷದ ಕೊನೆಗೆ ಕೆಲಸ ಹೋಯಿತು. ನಾನು ಶಾಲೆಯಲ್ಲಿ ಟೀಚರ್. ನನ್ನ ಸಂಬಳದಲ್ಲಿ ಮನೆ ಸಾಲದ ಕಂತು ಕಟ್ಟಿದರೆ ಉಳಿಯುವುದು ರೇಷನ್ನಿಗೆ ಮಾತ್ರ. ಮಗಳು ಸೆಕೆಂಡ್ ಪಿಯುಸಿ. ಹೊಸ ವರ್ಷದ ಆರಾಧನೆಯಲ್ಲಿ ನಮಗೆ ಸಿಕ್ಕಿದ ವಾಗ್ದಾನದ ಕಾರ್ಡಿನಲ್ಲಿ (ವರ್ಷಕ್ಕೊಂದು ಬೈಬಲ್ ವಚನ ಬರೆದು ಕೊಡುವ ಕಾರ್ಡು) ಯೆರೆಮೀಯ 29:11 ಇತ್ತು, ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ ಎಂದು ದೇವರು ಹೇಳುವ ವಚನ. ಅದನ್ನೇ ಹಿಡಿದುಕೊಂಡು ಮನೆಯವರು 'ದೇವರು ಮೊದಲಿಗಿಂತ ಒಳ್ಳೆಯ ಕೆಲಸ ಕೊಡ್ತಾನೆ' ಎಂದು ಕಾಯುತ್ತಿದ್ದಾರೆ. ಪೀಣ್ಯದಲ್ಲಿ ಒಂದು ಕಡೆ ಅರ್ಧ ಸಂಬಳಕ್ಕೆ ಕರೆದಿದ್ದಾರೆ. ಅದಕ್ಕೆ ಹೋದರೆ ಅಪನಂಬಿಕೆ ಆಗುತ್ತದೆ ಅನ್ನುತ್ತಾರೆ. ಪ್ರಾರ್ಥನಾ ಕೂಟದ ಒಬ್ಬ ಅಕ್ಕ ನಾನು ಅಳುವುದನ್ನು ನೋಡಿ 'ಚಿಂತೆ ಮಾಡೋದು ಪಾಪ, ಅದಕ್ಕೇ ಬಾಗಿಲು ತೆರೀತಿಲ್ಲ' ಅಂದರು. ಬಳೆ ಮಾರಿ ವಿಶ್ವಾಸದ ಕಾಣಿಕೆ ಕೊಡಿ ಅಂತಲೂ ಹೇಳಿದರು. ಅತ್ತೆಗೆ ಸಕ್ಕರೆ ಕಾಯಿಲೆ. 'ಸ್ವಸ್ಥತೆ ಸಿಕ್ಕಿದೆ ಅಂತ ನಂಬಿ ಇನ್ಸುಲಿನ್ ನಿಲ್ಲಿಸಿ' ಎಂದವರ ಮಾತು ಕೇಳಿ, ಹೋದ ವಾರದಿಂದ ಒಂದು ಹೊತ್ತಿನ ಇಂಜೆಕ್ಷನ್ ಬಿಟ್ಟಿದ್ದಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಬೈಬಲ್ ತೆರೆದರೆ ಅಕ್ಷರ ಕಾಣುತ್ತದೆ, ಮನಸ್ಸಿಗೆ ಏನೂ ಇಳಿಯುವುದಿಲ್ಲ. ನನಗೆ ನಂಬಿಕೆ ಇಲ್ಲವಾ? ದೇವರನ್ನು ನಂಬುವುದು ಅಂದರೆ ದಿನದಿನದ ಬದುಕಿನಲ್ಲಿ ಏನು ಮಾಡಬೇಕು?

ಉತ್ತರ: ಪ್ರಿಯ ಸಹೋದರಿ, ಮೊದಲು ಅತ್ತೆಯವರ ವಿಷಯ. ಅದನ್ನು ನಾಳೆಗೆ ಬಿಡುವ ಹಾಗಿಲ್ಲ. ಇದನ್ನು ಓದಿದ ಕೂಡಲೇ ಅವರ ಡಾಕ್ಟರಿಗೆ ಫೋನ್ ಮಾಡಿ. ಒಂದು ಹೊತ್ತಿನ ಇನ್ಸುಲಿನ್ ಬಿಟ್ಟಿದ್ದಾರೆ ಎಂದು ಮುಚ್ಚಿಡದೆ ಹೇಳಿ. ಮತ್ತೆ ಹೇಗೆ, ಎಷ್ಟು ಶುರು ಮಾಡಬೇಕು ಅಂತ ಡಾಕ್ಟರೇ ಹೇಳಲಿ. ಸಕ್ಕರೆ ಏರುವಾಗ ಮೊದಮೊದಲು ನೋವೇನೂ ಆಗುವುದಿಲ್ಲ. 'ಬಿಟ್ಟರೂ ಏನೂ ಆಗಲಿಲ್ಲ ನೋಡಿ' ಎಂಬ ಧೈರ್ಯ ಬರುವುದು ಅದಕ್ಕೇ. ಆಮೇಲೆ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಶುರುವಾಗುತ್ತದೆ. ವಾಂತಿಯಾದರೆ, ಮಂಪರು ಕವಿದರೆ, ಉಸಿರಾಟ ಜೋರಾದರೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಭೆಯ ಕೆಲಸದ ಜೊತೆಗೆ ನಾನು ಆಸ್ಪತ್ರೆ ವಾರ್ಡುಗಳಲ್ಲಿ ರೋಗಿಗಳ ಪಕ್ಕ ಕೂತು ಪ್ರಾರ್ಥಿಸುವ ಸೇವೆಯನ್ನೂ ಮಾಡುತ್ತೇನೆ. ಹೀಗೆ ಔಷಧಿ ಬಿಟ್ಟು ತುರ್ತು ವಿಭಾಗಕ್ಕೆ ಬಂದವರನ್ನು ಕಂಡಿದ್ದೇನೆ. ಬಿಡಿ ಎಂದು ಸಲಹೆ ಕೊಟ್ಟವರು ಆ ಹೊತ್ತಿನಲ್ಲಿ ಪಕ್ಕದಲ್ಲಿ ಇರುವುದಿಲ್ಲ.

ಔಷಧಿ ತೆಗೆದುಕೊಂಡರೆ ಅಪನಂಬಿಕೆ ಎಂಬ ಮಾತಿಗೆ ಬೈಬಲಿನಲ್ಲಿ ಆಧಾರ ಇಲ್ಲ. ಯೆಶಾಯ 38ನೇ ಅಧ್ಯಾಯ ತೆಗೆದು ಅತ್ತೆಗೆ ಓದಿ ಹೇಳಿ. ಅರಸ ಹಿಜ್ಕೀಯನಿಗೆ ಸಾಯುವಂಥ ಕಾಯಿಲೆ. ಅವನು ಅತ್ತು ಪ್ರಾರ್ಥಿಸಿದ. ಇನ್ನೂ 15 ವರ್ಷ ಆಯುಸ್ಸು ಕೊಡುತ್ತೇನೆಂದು ದೇವರು ಮಾತು ಕೊಟ್ಟನು. ಇದಕ್ಕಿಂತ ಸ್ಪಷ್ಟವಾದ ವಾಗ್ದಾನ ಬೇಕಾ? ಆದರೂ ಅದೇ ಅಧ್ಯಾಯದಲ್ಲಿ ಪ್ರವಾದಿ ಯೆಶಾಯ, ಅಂಜೂರದ ಉಂಡೆ ತಂದು ಹುಣ್ಣಿನ ಮೇಲೆ ಕಟ್ಟಿ ಎನ್ನುತ್ತಾನೆ. ವಾಗ್ದಾನವೂ ದೇವರದೇ, ಅಂಜೂರದ ಮದ್ದೂ ದೇವರ ಪ್ರವಾದಿಯ ಬಾಯಿಂದಲೇ ಬಂತು. ಸಭೆಗಳಿಗೆ ಪತ್ರಗಳನ್ನು ಬರೆದ ಅಪೊಸ್ತಲ ಪೌಲನ ಜೊತೆಗಿದ್ದ ಲೂಕನು ವೈದ್ಯ. ಎಷ್ಟೋ ಜನರನ್ನು ಪ್ರಾರ್ಥನೆಯಿಂದ ಗುಣಪಡಿಸಿದ ಪೌಲನೇ ತನ್ನ ಗೆಳೆಯ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು. ತ್ರೊಫಿಮನ ನಂಬಿಕೆ ಸಾಲಲಿಲ್ಲ ಎಂದು ಪೌಲ ಎಲ್ಲೂ ಬರೆಯಲಿಲ್ಲ. ನಮ್ಮ ಊರನ್ನೇ ನೋಡಿ. 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ, 1973ರಲ್ಲಿ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಶುರು ಮಾಡಿದವರು ಪ್ರಾರ್ಥನೆ ಮಾಡುವ ಜನವೇ ಅಲ್ವಾ?

ಈಗ ನಿಮ್ಮ ಪ್ರಶ್ನೆಗೆ ಬರೋಣ. ಚಿಂತೆ ಪಾಪ, ಅದು ದೇವರ ಕೈಯನ್ನು ಕಟ್ಟಿಹಾಕುತ್ತದೆ ಎಂದು ನಿಮಗೆ ಹೇಳಿದ್ದಾರೆ. ಈ ಮಾತನ್ನು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಹೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಕೇಳಿದವರ ಗತಿ ನೋಡಿ. ಮೊದಲು ಅವರಿಗೆ ಕೆಲಸದ ಚಿಂತೆ ಒಂದೇ ಇತ್ತು. ಈಗ ಚಿಂತೆ ಮಾಡುತ್ತಿದ್ದೇನಲ್ಲಾ ಎಂಬ ಚಿಂತೆಯೂ ಸೇರಿಕೊಂಡಿತು. ನಿಮ್ಮ ಪತ್ರದಲ್ಲಿ ಕಾಣುವುದು ಅದೇ.

ಆ ಮಾತು ಹೇಳುವವರು ಮತ್ತಾಯ 6ನೇ ಅಧ್ಯಾಯ ತೋರಿಸುತ್ತಾರೆ. ಯೇಸುಸ್ವಾಮಿ ಅಲ್ಲಿ ಚಿಂತೆ ಮಾಡಬೇಡಿ ಎಂದದ್ದು ನಿಜ. ಯಾರಿಗೆ ಹೇಳಿದರು? ಏನು ಊಟ ಮಾಡೋಣ, ಏನು ಹೊದೆಯೋಣ ಎಂದು ನಿಜವಾಗಿಯೂ ಯೋಚಿಸಬೇಕಾದ ಜನರಿಗೆ. ಆ ಭಾಗವನ್ನು ಪೂರ್ತಿ ಓದಿದರೆ ಅದರಲ್ಲಿ ಗದರಿಕೆಗಿಂತ ಸಮಾಧಾನ ಜಾಸ್ತಿ. ಇವೆಲ್ಲಾ ನಿಮಗೆ ಬೇಕೆಂದು ನಿಮ್ಮ ತಂದೆಗೆ ಗೊತ್ತಿದೆ ಎನ್ನುತ್ತಾರೆ. ನಿಮಗೆ ಕಷ್ಟವೇ ಇಲ್ಲ ಎನ್ನುವುದಿಲ್ಲ. ಕೊನೆಯಲ್ಲಿ ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು ಎನ್ನುತ್ತಾರೆ. ಪ್ರತಿ ದಿನಕ್ಕೂ ಅದರದೇ ಪಾಡು ಇದೆ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು. ಇವತ್ತಿನ ಪಾಡಿನ ಮೇಲೆ ಮುಂದಿನ ಹತ್ತು ವರ್ಷದ ಪಾಡನ್ನೂ ಹೊರಬೇಡಿ ಎಂಬುದು ಅವರ ಮಾತು.

ಇನ್ನೊಂದು ಕಡೆ ನೋಡಿ. ಯಾವ ವಿಷಯಕ್ಕೂ ಚಿಂತೆ ಮಾಡದೆ ಎಲ್ಲವನ್ನೂ ದೇವರಿಗೆ ತಿಳಿಸಿ ಎಂದು ಫಿಲಿಪ್ಪಿಯವರಿಗೆ ಬರೆದವನು ಪೌಲ. ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ, ನಮಗೆ ಹೊರಗೆ ಜಗಳ, ಒಳಗೆ ಭಯ ಇತ್ತು ಎನ್ನುತ್ತಾನೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ, ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಎಂದರು. ಆ ರಾತ್ರಿ ಅವರಿಗೆ ನಂಬಿಕೆ ಇರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? 56ನೇ ಕೀರ್ತನೆಯಲ್ಲಿ ದಾವೀದ ಹೇಳುವುದೂ ಇದನ್ನೇ. ನನಗೆ ಹೆದರಿಕೆಯಾದಾಗ ನಿನ್ನನ್ನು ಆಶ್ರಯಿಸುತ್ತೇನೆ ಎನ್ನುತ್ತಾನೆ. ಹೆದರಿಕೆ ಹೋದ ಮೇಲೆ ಬರುತ್ತೇನೆ ಎನ್ನಲಿಲ್ಲ. ಹೆದರಿಕೆ ಇರುವಾಗಲೇ ಬಂದ.

ನನಗೆ ತಿಳಿದಂತೆ ಬೈಬಲ್ ಹೇಳುವ ಭರವಸೆ ಇಷ್ಟೇ. ಎದೆ ಡವಗುಟ್ಟುವಾಗ ಯಾರ ಹತ್ತಿರ ಹೋಗುತ್ತೀರಿ, ಆಮೇಲೆ ಎದ್ದು ಕೈಗೆ ಬಂದ ಕೆಲಸವನ್ನು ಮಾಡುತ್ತೀರಾ. ಎದೆ ಡವಗುಟ್ಟಲೇಬಾರದು ಎಂಬ ಷರತ್ತು ಅಲ್ಲಿಲ್ಲ. ಮುಂದೆ ಏನಾಗುತ್ತದೆ ಎಂದು ಗೊತ್ತಿರಬೇಕು ಎಂಬ ಷರತ್ತೂ ಇಲ್ಲ. ನೀವು ಅಳುತ್ತಾ ಬೈಬಲ್ ತೆರೆಯುತ್ತಿದ್ದೀರಿ. ಏನೂ ಇಳಿಯದಿದ್ದರೂ ಮಾರನೆಯ ದಿನ ಮತ್ತೆ ತೆರೆಯುತ್ತಿದ್ದೀರಿ. ಬೆಳಗ್ಗೆ ಎದ್ದು ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಮಾಡುತ್ತಿದ್ದೀರಿ. ನಿಮ್ಮಲ್ಲಿ ನಂಬಿಕೆ ಇಲ್ಲ ಎಂದು ನಾನು ಹೇಳಲಾರೆ.

ನಮ್ಮ ಜನರಲ್ಲಿ ಈ ಗೊಂದಲ ಯಾಕೆ ಬರುತ್ತದೆ ಅಂದರೆ, ಒಂದು ಕಾರಣ ನಮ್ಮ ಸಾಕ್ಷಿ ಹೇಳುವ ಪದ್ಧತಿ, ಅಂದರೆ ದೇವರು ತಮಗೆ ಮಾಡಿದ ಒಳ್ಳೆಯದನ್ನು ಎಲ್ಲರ ಮುಂದೆ ಹೇಳುವುದು. ಕೂಟಗಳಲ್ಲಿ ಮೈಕ್ ಹಿಡಿಯುವವರು ಕೆಲಸ ಸಿಕ್ಕವರು, ವೀಸಾ ಬಂದವರು, ಮಗು ಹುಟ್ಟಿದವರು. ಅವರು ಸಂತೋಷದಿಂದ ಹೇಳಲಿ, ಹೇಳಲೇಬೇಕು. ಆದರೆ ಇನ್ನೂ ಕಾಯುತ್ತಿರುವವರಿಗೆ ನಾವು ಯಾವತ್ತೂ ಮೈಕ್ ಕೊಡುವುದಿಲ್ಲ. ವರ್ಷಗಟ್ಟಲೆ ಇದನ್ನೇ ಕೇಳಿದರೆ, ನಂಬಿದವರಿಗೆಲ್ಲ ಸಿಗುತ್ತದೆ, ಸಿಗದವರು ಸರಿಯಾಗಿ ನಂಬಲಿಲ್ಲ ಎಂಬ ಲೆಕ್ಕ ಮನಸ್ಸಿನಲ್ಲಿ ಕೂತುಬಿಡುತ್ತದೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಆ ಲೆಕ್ಕ ಇಲ್ಲ. 35ನೇ ವಚನ ಓದಿ. ಸತ್ತವರನ್ನು ಜೀವಂತವಾಗಿ ಮರಳಿ ಪಡೆದ ಹೆಂಗಸರ ವಿಷಯ ಹೇಳಿ, ಅದೇ ಉಸಿರಿನಲ್ಲಿ ಹಿಂಸೆ ಅನುಭವಿಸಿದವರ ವಿಷಯ ಬರುತ್ತದೆ. ಅವರೆಲ್ಲರೂ ನಂಬಿಕೆಗೆ ಒಳ್ಳೆಯ ಹೆಸರು ಪಡೆದವರೇ.

ಇನ್ನೊಂದು ಕಾರಣ ವಾಗ್ದಾನದ ಕಾರ್ಡು. ಅದನ್ನು ತೆಗೆದುಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ನಮ್ಮ ಮನೆಯ ಗೋಡೆಯ ಮೇಲೂ ಇದೆ. ಆದರೆ ಕಾರ್ಡಿನಲ್ಲಿ ಒಂದು ವಚನಕ್ಕೆ ಮಾತ್ರ ಜಾಗ. ಅದರ ಹಿಂದೆ ಮುಂದೆ ಏನಿದೆ ಎಂದು ಮನೆಗೆ ಬಂದು ನೋಡುವ ಕೆಲಸ ನಮ್ಮದು. ಯೆರೆಮೀಯ 29:11ರ ವಿಷಯದಲ್ಲಂತೂ ಇದು ತುಂಬಾ ಮುಖ್ಯ. ನಿಮ್ಮ ಮನೆಯವರ ಇಡೀ ತೀರ್ಮಾನ ಆ ಒಂದು ವಚನದ ಮೇಲೆ ನಿಂತಿದೆ.

ಆ ಕಥೆ ಹೀಗಿದೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದ. ಅರಸನನ್ನು, ಅಧಿಕಾರಿಗಳನ್ನು, ಕೈಕೆಲಸ ಬಲ್ಲ ಬಡಗಿ, ಕಮ್ಮಾರರನ್ನು ತನ್ನ ದೇಶಕ್ಕೆ ಸಾಗಿಸಿದ. ನಿನ್ನೆಯವರೆಗೆ ಸ್ಥಾನಮಾನ ಇದ್ದವರು ಒಂದೇ ಏಟಿಗೆ ಪರದೇಶದಲ್ಲಿ ಏನೂ ಇಲ್ಲದವರಾದರು. ಎಷ್ಟು ದಿನ ಹೀಗೆ ಎಂಬುದೇ ಎಲ್ಲರ ಪ್ರಶ್ನೆ. ಆಗ ಹನನ್ಯ ಎಂಬ ಪ್ರವಾದಿ ಎದ್ದು ನಿಂತು, ಎರಡು ವರ್ಷದೊಳಗೆ ಎಲ್ಲರೂ ವಾಪಸ್ಸು ಬರುತ್ತಾರೆ, ದೇವರು ಹೇಳಿದ್ದಾನೆ ಎಂದ. ಜನಕ್ಕೆ ಬೇಕಾದ ಮಾತು ಅದು. ಯೆರೂಸಲೇಮಿನಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯನಿಗೂ ಅದೇ ಆಸೆ ಇತ್ತು. ಆಮೆನ್, ಯೆಹೋವನು ಹಾಗೆಯೇ ಮಾಡಲಿ ಎಂದ ಅವನು. 28ನೇ ಅಧ್ಯಾಯದ ಆ ಮಾತು ಓದುವಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಒಳ್ಳೆಯ ಸುದ್ದಿ ನಿಜವಾಗಲಿ ಎಂದು ಆಸೆಪಡುವುದು ತಪ್ಪಲ್ಲ. ಆದರೆ ಹನನ್ಯನನ್ನು ದೇವರು ಕಳಿಸಿರಲಿಲ್ಲ.

ಆಮೇಲೆ ಯೆರೆಮೀಯ ಬಾಬಿಲೋನಿನಲ್ಲಿ ಸೆರೆಯಲ್ಲಿದ್ದವರಿಗೆ ಪತ್ರ ಬರೆದ. ಅದೇ 29ನೇ ಅಧ್ಯಾಯ. 11ನೇ ವಚನಕ್ಕೆ ಬರುವ ಮೊದಲು 5ರಿಂದ 10ರವರೆಗೆ ಏನಿದೆ ನೋಡಿ. ಮನೆ ಕಟ್ಟಿಕೊಳ್ಳಿ, ಅದರಲ್ಲಿ ವಾಸಮಾಡಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಕಳಿಸಿದ ಆ ಪಟ್ಟಣಕ್ಕೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಿ, ಅದಕ್ಕೆ ಕ್ಷೇಮವಾದರೆ ನಿಮಗೂ ಕ್ಷೇಮ. ನಿಮ್ಮ ನಡುವಿನ ಪ್ರವಾದಿಗಳಿಂದ ಮೋಸ ಹೋಗಬೇಡಿ. 70 ವರ್ಷ ಆದ ಮೇಲೆ ನಾನು ನಿಮ್ಮನ್ನು ವಾಪಸ್ಸು ಕರೆತರುತ್ತೇನೆ. ಇಷ್ಟಾದ ಮೇಲೆ ಬರುವುದು ಆ ವಚನ: ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ, ಕೇಡಿನದಲ್ಲ, ನಿಮಗೆ ನಿರೀಕ್ಷೆ ಇರಲಿ ಎಂಬ ಯೋಚನೆ.

ಅಂದರೆ ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ವಾಪಸ್ಸು ಹೋಗುವ ದಿನವನ್ನು ಕಾಣುವಂತಿರಲಿಲ್ಲ. ಆದರೂ ದೇವರು ಅವರಿಗೆ ಹಿತವನ್ನೇ ಯೋಚಿಸಿದ್ದನು. ತಾವು ಬಯಸದ ಊರಿನಲ್ಲಿ, ಬಯಸದ ಕೆಲಸ ಮಾಡಿಕೊಂಡು ಬದುಕುವಾಗಲೂ ಆ ಹಿತ ಅವರ ಮೇಲಿತ್ತು. ಅರ್ಧ ಸಂಬಳದ ಕೆಲಸ ಬೇಡ, ದೊಡ್ಡದು ಬರುವವರೆಗೆ ಸುಮ್ನೆ ಕಾಯಿರಿ ಎಂದು ಈ ವಚನ ಹೇಳುವುದಿಲ್ಲ. ಅದರ ಹಿಂದಿನ ಆರು ವಚನಗಳು ಹೇಳುವುದು ಬೇರೆಯದನ್ನು. ಸಿಕ್ಕ ನೆಲದಲ್ಲಿ ತೋಟ ಮಾಡಿ ಎನ್ನುತ್ತವೆ.

ರೂತಳ ಕಥೆಯೂ ನಿಮಗೆ ಗೊತ್ತಿದೆ. ಗಂಡ ಸತ್ತ, ಕೈಯಲ್ಲಿ ಏನೂ ಇಲ್ಲದ, ಪರದೇಶದ ಹುಡುಗಿ. ಅತ್ತೆಯನ್ನು ಸಾಕಬೇಕು. ಬೇತ್ಲೆಹೇಮಿಗೆ ಬಂದವಳು ದರ್ಶನಕ್ಕಾಗಿ ಕಾಯಲಿಲ್ಲ. ಹಕ್ಕಲಾಯಲು ಹೋದಳು. ಕೊಯ್ಲಿನವರು ಬಿಟ್ಟ ತೆನೆ ಆರಿಸುವುದು ಆ ಊರಿನಲ್ಲಿ ಬಡವರಿಗೆ ಉಳಿದಿದ್ದ ಕೆಲಸ. ಹಾಗೆ ಹೋದ ಹೊಲ ಅವಳ ಗಂಡನ ಕಡೆಯ ನೆಂಟ, ಮುಂದೆ ಅವಳನ್ನು ಮದುವೆಯಾದ ಬೋವಜನದಾಗಿತ್ತು. ದೇವರ ನಡೆಸುವಿಕೆ ಅವಳಿಗೆ ಸಿಕ್ಕಿದ್ದು ಹೊಲಕ್ಕೆ ಹೋದ ಮೇಲೆ.

ಆದ್ದರಿಂದ ಪೀಣ್ಯದ ಕೆಲಸದ ಬಗ್ಗೆ ನನ್ನ ಅಭಿಪ್ರಾಯ: ಹೋಗಲಿ. ಒಳ್ಳೆಯ ಕೆಲಸಕ್ಕೆ ಪ್ರಯತ್ನ ನಿಲ್ಲಿಸುವುದು ಬೇಡ, ಪ್ರಾರ್ಥನೆಯೂ ನಿಲ್ಲುವುದು ಬೇಡ. ಇದರಲ್ಲಿ ಕಷ್ಟ ಇಲ್ಲ ಎನ್ನುವುದಿಲ್ಲ. ಲಿಂಗರಾಜಪುರದಿಂದ ಪೀಣ್ಯ ಅಂದರೆ ಊರಿನ ಆ ತುದಿ. ಟ್ರಾಫಿಕ್ಕಿನಲ್ಲಿ ಹೋಗಿಬಂದು ಸುಸ್ತಾದವರಿಗೆ ಇಂಟರ್‌ವ್ಯೂಗೆ ತಯಾರಾಗಲು ಸಮಯ ಸಿಗುವುದು ಕಡಿಮೆ. ಸಂಬಳ ಒಮ್ಮೆ ಇಳಿದರೆ ಮುಂದಿನ ಕಂಪನಿ ಅದನ್ನೇ ಆಧಾರ ಮಾಡಿಕೊಳ್ಳಬಹುದು. ಕಾಯುವುದಾದರೆ ಅದಕ್ಕೊಂದು ಗಡುವು ಇರಲಿ. ಇಂಥ ತಿಂಗಳವರೆಗೆ ಎಂದು ಇಬ್ಬರೂ ಕೂತು ಬರೆದಿಡಿ. ಗಡುವಿಲ್ಲದೆ ಕಾದರೆ ಉಳಿತಾಯ ಕರಗುತ್ತದೆ, ಗಂಡ ಹೆಂಡತಿ ನಡುವೆ ಮಾತು ಒರಟಾಗುತ್ತದೆ. ಚಿನ್ನ ಅಡವಿಟ್ಟು ಕೆಲವು ತಿಂಗಳು ತಳ್ಳಬಹುದು. ಆದರೆ ಬಡ್ಡಿ ಏರುತ್ತಾ ಹೋಗುತ್ತದೆ, ಬಿಡಿಸಿಕೊಳ್ಳದಿದ್ದರೆ ಹರಾಜಾಗುತ್ತದೆ. ಮೊಬೈಲಿನಲ್ಲಿ ನಿಮಿಷದಲ್ಲಿ ಸಾಲ ಕೊಡುವ ಆಪ್‌ಗಳ ಕಡೆ ತಿರುಗಿಯೂ ನೋಡಬೇಡಿ. ಮನೆ ಸಾಲದ ಕಂತು ತಪ್ಪುವ ಹಾಗಿದ್ದರೆ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ. ತಪ್ಪಿದ ಮೇಲೆ ಹೋದರೆ ಮಾತಾಡುವುದು ಕಷ್ಟ.

ಮನೆಯವರ ಮನಸ್ಸನ್ನೂ ಸ್ವಲ್ಪ ನೋಡಿ. ಕೆಲಸ ಹೋದ ಗಂಡಸರ ಜೊತೆ ನಾನು ತುಂಬಾ ಮಾತಾಡಿದ್ದೇನೆ. 'ದೇವರಿಗಾಗಿ ಕಾಯುತ್ತಿದ್ದೇನೆ' ಎಂಬ ಮಾತಿನ ಹಿಂದೆ ಎಷ್ಟೋ ಸಲ ನಾಚಿಕೆ ಇರುತ್ತದೆ. ಚಿಕ್ಕ ಕೆಲಸಕ್ಕೆ ಹೋದರೆ ನೆಂಟರು ಏನಂದಾರು, ಮಗಳು ಏನಂದುಕೊಂಡಾಳು ಎಂಬ ನಾಚಿಕೆ. ಅದನ್ನು ಹೇಳಿಕೊಳ್ಳಲು ಆಗದೆ ವಚನದ ಹಿಂದೆ ನಿಲ್ಲುತ್ತಾರೆ. ಆದ್ದರಿಂದ 'ನಿಮ್ಮದು ನಂಬಿಕೆಯಲ್ಲ, ಸೋಮಾರಿತನ' ಎಂದು ದಯವಿಟ್ಟು ಹೇಳಬೇಡಿ. ಇಬ್ಬರೂ ಕೂತು ಯೆರೆಮೀಯನ 28 ಮತ್ತು 29ನೇ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ. ವ್ಯಾಖ್ಯಾನ ಬೇಡ. ಆಮೇಲೆ ಅವರು ಮಾತಾಡಲಿ. ಪೌಲನಂಥ ವಿದ್ವಾಂಸ ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದ ಎಂಬುದು ಅಪೊಸ್ತಲರ ಕೃತ್ಯಗಳು 18ರಲ್ಲಿದೆ. ಅದನ್ನು ನೀವು ಹೇಳುವುದಕ್ಕಿಂತ ಸಭೆಯ ಹಿರಿಯರೊಬ್ಬರು ಹೇಳಿದರೆ ಅವರಿಗೆ ಹಗುರವಾಗಬಹುದು.

ಬಳೆ ಮಾರಬೇಡಿ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಇಷ್ಟು ಕೊಟ್ಟರೆ ದೇವರು ಇಷ್ಟು ಕೊಡಲೇಬೇಕು ಎಂಬುದು ವ್ಯಾಪಾರವೇ ಹೊರತು ಕಾಣಿಕೆಯಲ್ಲ. 2 ಕೊರಿಂಥ 8:12 ಓದಿ. ಮನಸ್ಸಿದ್ದರೆ ತನ್ನಲ್ಲಿ ಇರುವುದಕ್ಕೆ ತಕ್ಕ ಹಾಗೆ ಕೊಟ್ಟರೆ ಸಾಕು, ಇಲ್ಲದ್ದನ್ನು ದೇವರು ಕೇಳುವುದಿಲ್ಲ. ಮಾರ್ಕ 7ರಲ್ಲಿ, ತಂದೆತಾಯಿಗೆ ಖರ್ಚು ಮಾಡಬೇಕಾದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ಕೈತೊಳೆದುಕೊಂಡವರನ್ನು ಯೇಸುಸ್ವಾಮಿ ಎಷ್ಟು ಕಟುವಾಗಿ ಖಂಡಿಸಿದರು ನೋಡಿ. ಅತ್ತೆಯ ಇನ್ಸುಲಿನ್ ದುಡ್ಡಿಗೆ ಆ ಮಾತು ನೇರವಾಗಿ ಅನ್ವಯಿಸುತ್ತದೆ.

ನಿಮ್ಮ ನಿದ್ದೆಯ ಬಗ್ಗೆ ನನಗೆ ಹೆಚ್ಚು ಕಾಳಜಿ ಇದೆ. 1 ಅರಸುಗಳು 19ರಲ್ಲಿ ಎಲೀಯನ ಸ್ಥಿತಿ ನೆನಪಿದೆಯಾ? ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಪ್ರವಾದಿ. ಅದಾದ ಮೇಲೆ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಎಂದ. ದೇವರು ಅವನಿಗೆ ಮೊದಲು ಏನು ಕೊಟ್ಟನು? ಪ್ರಸಂಗ ಮಾಡಲಿಲ್ಲ. ನಿನ್ನ ನಂಬಿಕೆ ಎಲ್ಲಿ ಎಂದು ಕೇಳಲಿಲ್ಲ. ಮಲಗಲು ಬಿಟ್ಟನು. ದೂತನು ತಟ್ಟಿ ಎಬ್ಬಿಸಿ, ಏಳು, ಊಟ ಮಾಡು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತುಕತೆ ನಡೆದದ್ದು ಆಮೇಲೆ, ಬಹಳ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ. ನಮ್ಮನ್ನು ಮಣ್ಣಿನಿಂದ ಮಾಡಿದವನಿಗೆ ದೇಹದ ಸುಸ್ತು ಏನೆಂದು ಗೊತ್ತಿದೆ. ನಿದ್ದೆಯಿಲ್ಲದ ತಲೆಗೆ ಬೈಬಲ್ ಇಳಿಯದಿರುವುದು ಆತ್ಮಿಕ ರೋಗದ ಗುರುತೇನಲ್ಲ.

ಆದ್ದರಿಂದ ರಾತ್ರಿ ಊಟ ಬಿಡಬೇಡಿ. ಸದ್ಯಕ್ಕೆ ಉಪವಾಸ ಪ್ರಾರ್ಥನೆ ಬೇಡ. ನಿದ್ದೆ ಬರದಿರುವುದು ಎರಡು ವಾರ ದಾಟಿದ್ದರೆ, ಎದೆ ಬಿಗಿಯುತ್ತಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಡಾಕ್ಟರನ್ನು ಕಾಣಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ 2022ರಲ್ಲಿ ಶುರುವಾಗಿದೆ. ನಂಬರ್ 14416. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ದಿನದ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಎಂಬ ಯೋಚನೆ ನಿಮಗಾಗಲಿ ಮನೆಯವರಿಗಾಗಲಿ ಒಮ್ಮೆ ಬಂದರೂ ಆ ಹೊತ್ತೇ ಮಾಡಿ. ಪ್ರಾರ್ಥನೆಗೆ ನನಗೂ ಫೋನ್ ಮಾಡಿ. ಒಂದನ್ನು ಮಾಡಿದರೆ ಇನ್ನೊಂದು ಬೇಡ ಎಂದೇನಿಲ್ಲ.

ಬೈಬಲ್ ಓದುವುದನ್ನು ಸ್ವಲ್ಪ ದಿನ ಕಡಿಮೆ ಮಾಡಿ. ದಿನಕ್ಕೊಂದು ಕೀರ್ತನೆ ಸಾಕು, ಅದೂ ಚಿಕ್ಕದು. 13ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ. ಮೊದಲ ಎರಡು ವಚನಗಳಲ್ಲಿ ದಾವೀದ ನಾಲ್ಕು ಸಲ ಎಷ್ಟರವರೆಗೆ ಎಂದು ದೇವರನ್ನು ಕೇಳುತ್ತಾನೆ. ನನ್ನನ್ನು ಮರೆತುಬಿಟ್ಟೆಯಾ ಎನ್ನುತ್ತಾನೆ. ಇದನ್ನು ಸಭೆಯಲ್ಲಿ ಹಾಡಲು ಬರೆದರು ಎಂಬುದನ್ನು ಯೋಚಿಸಿ. ದೇವರ ಮನೆಯಲ್ಲಿ ದೇವರಿಗೇ ಹೀಗೆ ಕೇಳಬಹುದು. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಅದನ್ನೂ ಬೈಬಲಿನಲ್ಲಿ ಇಟ್ಟಿದ್ದಾರೆ. ನಿಮ್ಮ ಸ್ವಂತ ಮಾತು ಹೊರಡದ ದಿನ ಈ ಮಾತುಗಳನ್ನು ಓದಿ ಆಮೆನ್ ಅನ್ನಿ, ಅದೇ ಪ್ರಾರ್ಥನೆ. ಮಾರ್ಕ 9ರಲ್ಲಿ ಕಾಯಿಲೆಯ ಮಗನನ್ನು ಯೇಸುಸ್ವಾಮಿಯ ಹತ್ತಿರ ಕರೆತಂದ ಆ ತಂದೆಯ ಹಾಗೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದರೂ ಆಯಿತು. ಯೇಸುಸ್ವಾಮಿ ಅವನನ್ನು ವಾಪಸ್ಸು ಕಳಿಸಲಿಲ್ಲ. ಅವನ ಮಗನನ್ನು ವಾಸಿಮಾಡಿದರು.

ಆ ಅಕ್ಕನ ಜೊತೆ ಜಗಳ ಬೇಡ. 'ನನ್ನ ಜೊತೆ ಪ್ರಾರ್ಥನೆ ಮಾಡಿ ಅಕ್ಕ, ಆದರೆ ಔಷಧಿ, ದುಡ್ಡಿನ ವಿಷಯ ನಾವು ನೋಡ್ಕೊಳ್ತೀವಿ' ಎಂದು ಹೇಳಿ. ಹಾಗೆ ಹೇಳಿದ ಮೇಲೂ ಒತ್ತಾಯ ಮಾಡಿದರೆ ಸ್ವಲ್ಪ ದಿನ ಆ ಕೂಟಕ್ಕೆ ಹೋಗಬೇಡಿ. ಭಾನುವಾರದ ಆರಾಧನೆಗೆ ಮಾತ್ರ ಹೋಗಿ. ಸಭೆಯಲ್ಲಿ ಕಷ್ಟದಲ್ಲಿರುವ ಕುಟುಂಬಗಳಿಗೆ ಸಹಾಯನಿಧಿ ಇದೆಯಾ ಎಂದು ನಿಮ್ಮ ಸಭಾಪಾಲಕರನ್ನು ಕೇಳಿ. ಕೇಳಲು ಸಂಕೋಚ ಬೇಡ. ಬಟ್ಟೆಯಿಲ್ಲದವರಿಗೆ, ಊಟವಿಲ್ಲದವರಿಗೆ ಬೇಕಾದ್ದನ್ನು ಕೊಡದೆ, ಸಮಾಧಾನದಿಂದ ಹೋಗಿ ಎನ್ನುವುದರಿಂದ ಏನು ಪ್ರಯೋಜನ ಎಂದು ಯಾಕೋಬನು ಕೇಳಿದ್ದು ಸಭೆಯನ್ನೇ.

ಮಗಳಿಂದ ಇದನ್ನೆಲ್ಲ ಮುಚ್ಚಿಡಬೇಡಿ. ಸೆಕೆಂಡ್ ಪಿಯುಸಿ ಹುಡುಗಿಗೆ ಗೋಡೆಯಾಚೆಯ ಮಾತೂ ಕೇಳಿಸುತ್ತದೆ. ಅರ್ಧ ಕೇಳಿಸಿಕೊಂಡರೆ ಅವಳ ಹೆದರಿಕೆ ಜಾಸ್ತಿಯಾಗುತ್ತದೆ. ಮನೆಯಲ್ಲಿ ಎಷ್ಟು ದುಡ್ಡಿದೆ, ಅವಳ ಕಾಲೇಜಿಗೆ ಏನು ಏರ್ಪಾಡು ಮಾಡುತ್ತೀರಿ, ಅಪ್ಪ ಯಾವ ಕೆಲಸಕ್ಕೆ ಹೋಗುತ್ತಾರೆ ಎಂದು ಇಬ್ಬರೂ ಸೇರಿ ನೇರವಾಗಿ ಹೇಳಿ. ಅಮ್ಮನಿಗೂ ಭಯ ಆಗುತ್ತದೆ, ಅಮ್ಮ ಭಯ ಆದಾಗ ಪ್ರಾರ್ಥನೆ ಮಾಡುತ್ತಾಳೆ ಎಂದು ಅವಳಿಗೆ ಗೊತ್ತಾಗಲಿ. ಆದರೆ ಅತ್ತೆಯವರ ಡಾಕ್ಟರಿಗೆ ಫೋನ್ ಮಾಡುವುದು ಇದೆಲ್ಲದಕ್ಕಿಂತ ಮೊದಲು.